ಜುಲೈ 26ರ ನೀರಿಗೆ ಲೆಕ್ಕ ಕೊಡುವವರು ಯಾರು?



ಜುಲೈ ತಿಂಗಳು ಬಂತೆಂದರೆ ಟಿ.ವಿ.ಯವರು ಹಳೆಯ ಚಿತ್ರಗಳನ್ನು ಹುಡುಕಿ ತೋರಿಸುತ್ತಾರೆ. ಎದೆಮಟ್ಟದ ನೀರಿನಲ್ಲಿ ಕೈ ಕೈ ಹಿಡಿದು ನಡೆಯುವ ಜನ, ಮುಳುಗಿದ ಬಸ್ಸಿನ ನೆತ್ತಿಯ ಮೇಲೆ ಕುಳಿತವರು, ಬಿಸ್ಕೀಟು ಹಂಚುವ ಹುಡುಗರು. ಹಿನ್ನೆಲೆಯಲ್ಲಿ ಒಂದು ಗಂಭೀರ ಕಂಠ 'ಮುಂಬಯಿಯ ಚೈತನ್ಯ' ಎಂದು ಕೊಂಡಾಡುತ್ತದೆ. ನೀವೂ ನೋಡಿರುತ್ತೀರಿ. 2005ರ ಜುಲೈ 26ರಂದು ನಿಮ್ಮಲ್ಲಿ ಎಷ್ಟೋ ಮಂದಿ ಹುಟ್ಟಿರಲೇ ಇಲ್ಲ. ಹುಟ್ಟಿದ್ದವರು ಅಮ್ಮನ ಸೊಂಟದಲ್ಲಿದ್ದಿರಿ. ಹಾಗಾಗಿ ನಿಮಗೆ ಆ ದಿನವೆಂದರೆ ಈ ಚಿತ್ರಗಳೇ.

ಆ ಚೈತನ್ಯದ ಮೇಲೆ ನನಗೂ ಗೌರವವಿದೆ. ನಾನು ಅದರ ಅನ್ನ ಉಂಡವನು. ಆ ರಾತ್ರಿ ಸಯನ್ನಿನಲ್ಲಿ ಒಂದು ಉಡುಪಿ ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ನಮ್ಮಂಥ ನೂರಾರು ಜನಕ್ಕೆ ಅನ್ನ ಸಾರು ಬಡಿಸಿದರು. ಹಣ ಕೊಡಲು ಹೋದವರಿಗೆ, "ಗಲ್ಲಾ ಬಂದ್ ಆಗಿದೆ ಮಾರಾಯ್ರೇ, ಎಲ್ಲಿ ಹಾಕ್ಲಿ?" ಎಂದರು. ಆದರೆ ಈ ಇಪ್ಪತ್ತು ವರ್ಷಗಳಲ್ಲಿ ನನ್ನನ್ನು ಕಾಡಿದ್ದು ಆ ಅನ್ನವಲ್ಲ. ನಾಲ್ಕು ದಿನಗಳ ಬಳಿಕ ಒಂದು ಫಾರ್ಮಿನಲ್ಲಿ ನನ್ನ ಕೈಯಾರೆ ಬರೆದ ಒಂದು ಮಾತು. ಅದನ್ನು ನಿಮಗೆ ಹೇಳಬೇಕಾಗಿದೆ.

ಅಂದು ಮಂಗಳವಾರ. ನಾನು ಫೋರ್ಟಿನ ಒಂದು ಕಂಪೆನಿಯಲ್ಲಿ ಗುಮಾಸ್ತ. ಮನೆ ಕಲೀನಾದಲ್ಲಿ, ಚಾಳಿನ ನೆಲಮಾಳಿಗೆಯಲ್ಲಿ. ನಮ್ಮ ಆಫೀಸಿನ ಕಿಟಕಿಯಿಂದ ನೋಡಿದರೆ ಹೊರಗೆ ದಿನಾ ಸುರಿಯುವಂಥದ್ದೇ ಮಳೆ. ಮೂರು ಗಂಟೆಯ ಹೊತ್ತಿಗೆ ನನ್ನ ಹೆಂಡತಿಯ ಫೋನು ಬಂತು. "ಬಾಗಿಲೊಳಗೆ ನೀರು ಬರ್ತಾ ಉಂಟು, ನೀವು ಬೇಗ ಹೊರಡಿ" ಎಂದಳು. ನಾನು ನಕ್ಕು, "ಎರಡು ಬಾಲ್ದಿ ಹೊರಗೆ ಚೆಲ್ಲು, ಎಲ್ಲಾ ಸರಿಯಾಗ್ತದೆ" ಎಂದೆ. ಆಮೇಲೆ ಫೋನು ಸತ್ತಿತು.

ಆ ದಿನ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಕೊಲಾಬಾದಲ್ಲಿ ಬಿದ್ದ ಮಳೆ 75 ಮಿಲಿಮೀಟರಿಗೂ ಕಡಿಮೆ. ಅದೇ ಊರಿನ, ಅದೇ 24 ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ ಬಿದ್ದದ್ದು 944 ಮಿಲಿಮೀಟರ್. ಫೋರ್ಟಿನಲ್ಲಿ ಕುಳಿತವನಿಗೆ ಉಪನಗರದ ಮೇಲೆ ಆಕಾಶವೇ ಕಳಚಿ ಬೀಳುತ್ತಿದೆಯೆಂದು ತಿಳಿಯುವ ದಾರಿ ಇರಲಿಲ್ಲ. ತಿಳಿಸಬೇಕಾದವರಿಗೂ ತಿಳಿದಿರಲಿಲ್ಲವೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಇಷ್ಟು ದೊಡ್ಡ ನಗರದಲ್ಲಿ ಮೋಡ ಎಲ್ಲಿ ಎಷ್ಟು ಕಟ್ಟಿದೆ ಎಂದು ನೋಡುವ ಡಾಪ್ಲರ್ ರಡಾರ್ ಆಗ ಇರಲಿಲ್ಲ. ವಾರ್ಡು ವಾರ್ಡಿಗೆ ತಾನೇ ತಾನಾಗಿ ಮಳೆ ಅಳೆದು ತಿಳಿಸುವ ಯಂತ್ರಗಳೂ ಇರಲಿಲ್ಲ. ಅವೆಲ್ಲ ಬಂದದ್ದು ಆಮೇಲೆ.

ಲೋಕಲು ದಾದರಿನಲ್ಲಿ ನಿಂತಿತು. ಸಯನ್ನಿನವರೆಗೆ ನಡೆದೆ, ರಾತ್ರಿ ಹೋಟೆಲಿನಲ್ಲಿ ಕಳೆದೆ, ಮರುದಿನ ಮಧ್ಯಾಹ್ನ ಮನೆ ಮುಟ್ಟಿದೆ. ನನ್ನ ಹೆಂಡತಿ, ಅಮ್ಮ, ಮಗ ಮೇಲಿನ ಮಾಳಿಗೆಯವರ ಮನೆಯಲ್ಲಿ ಸುರಕ್ಷಿತವಾಗಿದ್ದರು. ನಮ್ಮ ಟ್ರಂಕು, ತಂದೆಯವರು ಊರಿನಿಂದ ಬರೆದ ಕಾಗದಗಳು, ಮದುವೆಯ ಫೋಟೋಗಳು ಎಲ್ಲ ಕೆಸರು. ಅದು ಹೋಗಲಿ. ಪಕ್ಕದ ಕೋಣೆಯಲ್ಲಿ ಕುಂದಾಪುರದ ಕಡೆಯ ಒಬ್ಬರು ಅಜ್ಜಿ ಇದ್ದರು. ಪಾರ್ಶ್ವವಾಯುವಾಗಿ ಎರಡು ವರ್ಷದಿಂದ ಮಂಚ ಹಿಡಿದಿದ್ದರು. ಅವರ ಮಗ ಅಂಧೇರಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದವನು, ಅವನೂ ನನ್ನ ಹಾಗೆ ದಾರಿಯಲ್ಲಿ ಸಿಕ್ಕಿಬಿದ್ದಿದ್ದ. ಅಮ್ಮನನ್ನೂ ಮಗುವನ್ನೂ ಮೇಲೆ ಸಾಗಿಸಿ ನನ್ನ ಹೆಂಡತಿ ಚಾಳಿನ ಇಬ್ಬರು ಹುಡುಗರನ್ನು ಕರೆದುಕೊಂಡು ಕೆಳಗೆ ಬಂದಾಗ ನೀರು ಕುತ್ತಿಗೆಯವರೆಗೆ ಏರಿತ್ತು. ಅಜ್ಜಿಯ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ನೀರಿನ ಒತ್ತಡಕ್ಕೆ ಅದು ಅಲುಗಲಿಲ್ಲ. ಒಳಗಿಂದ ಅಜ್ಜಿ ಎರಡು ಸಲ ಕೂಗಿದರಂತೆ. ಇದಕ್ಕಿಂತ ಹೆಚ್ಚಿಗೆ ನನ್ನ ಹೆಂಡತಿ ಇಂದಿಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಆ ಮಗನಿಗೆ ಮರಾಠಿ ಮಾತು ಬರುತ್ತಿತ್ತು, ಬರವಣಿಗೆ ಬಾರದು. ಪರಿಹಾರದ ಫಾರ್ಮು ತುಂಬಲು ನನ್ನನ್ನು ಒಂದು ಕಚೇರಿಗೆ ಕರೆದುಕೊಂಡು ಹೋದ. 'ಮೃತ್ಯುವಿನ ಕಾರಣ' ಎಂಬ ಕಾಲಮಿಗೆ ಬಂದಾಗ ನನ್ನ ಪೆನ್ನು ನಿಂತಿತು. ಗುಮಾಸ್ತ ತಲೆಯೆತ್ತದೆ 'ನೈಸರ್ಗಿಕ ಆಪತ್ತಿ' ಎಂದು ಬರೆಯಿರಿ ಎಂದ. "ನಾಲಾ ತುಂಬಿ ಬಂದ ನೀರಲ್ಲವೇ?" ಎಂದು ಕೇಳಿದೆ. "ಹಾಗೆ ಬರೆದರೆ ದುಡ್ಡು ಸಿಗುವುದಿಲ್ಲ ಸಾಹೇಬರೇ" ಎಂದ. ಅವನದೇನೂ ತಪ್ಪಿಲ್ಲ, ಪರಿಹಾರ ಕೊಡುವುದೇ ನೈಸರ್ಗಿಕ ವಿಕೋಪಕ್ಕೆ. ನಾನು ಬರೆದೆ. ಆ ಮಗನಿಗೆ ದುಡ್ಡೂ ಬಂತು.

ಮಿತ್ರರೇ, ಆ ದಿನ ಮುಂಬಯಿ ನಗರವೊಂದರಲ್ಲೇ ಸತ್ತವರು ನಾನೂರಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮಂದಿಯ ಹೆಸರಿನ ಮುಂದೆ ಇದೇ ಎರಡು ಪದಗಳಿದ್ದಾವೋ.

ಮಳೆ ನೈಸರ್ಗಿಕ ಎನ್ನುವುದರಲ್ಲಿ ತಕರಾರಿಲ್ಲ. ಅಂದು ಸಾಂತಾಕ್ರೂಜಿನಲ್ಲಿ ಒಂದು ಗಂಟೆಗೆ 190 ಮಿಲಿಮೀಟರ್‌ವರೆಗೂ ಸುರಿಯಿತು. ಅದೇ ಮಧ್ಯಾಹ್ನ ಕಡಲಿಗೆ ಉಬ್ಬರ, ಸುಮಾರು ನಾಲ್ಕೂವರೆ ಮೀಟರಿನದ್ದು. ಆದರೆ ಬಿದ್ದ ನೀರು ಎಲ್ಲಿಗೆ ಹೋಗಬೇಕು, ಏಕೆ ಹೋಗಲಿಲ್ಲ ಎಂಬುದು ಮನುಷ್ಯರ ಲೆಕ್ಕ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮಲ್ಲಿ ಇಂಜಿನಿಯರಿಂಗ್ ಓದುವವರು ಬಹಳ ಮಂದಿ ಇದ್ದೀರಿ, ನನ್ನ ಗುಮಾಸ್ತಗಿರಿಯ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ.

ಮುಂಬಯಿಯ ಹಳೆಯ ಮಳೆನೀರ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ, ಅದೂ ಅರ್ಧ ನೀರು ಮಣ್ಣಿಗೆ ಇಂಗುತ್ತದೆಂಬ ಭರವಸೆಯ ಮೇಲೆ. ಕಾಂಕ್ರೀಟು ಹಾಸಿದ ನಗರದಲ್ಲಿ ಇಂಗುವ ಮಣ್ಣೆಲ್ಲಿ? ಅಲ್ಲದೆ ಚರಂಡಿಗಳು ಕಡಲಿಗೆ ತೆರೆಯುವ ಬಾಯಿಗಳಲ್ಲಿ ಬಹಳಷ್ಟು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಉಬ್ಬರ ಬಂದಾಗ ಅವು ನೀರನ್ನು ಹೊರಗೆ ಬಿಡುವ ಬದಲು ಒಳಗೆ ತಳ್ಳುತ್ತವೆ. 1985ರಲ್ಲಿ ನಗರ ಮುಳುಗಿದ ಮೇಲೆ ಇದನ್ನೆಲ್ಲ ಅಧ್ಯಯನ ಮಾಡಿಸಿ, 1993ರಲ್ಲಿ 'ಬ್ರಿಮ್‌ಸ್ಟೋವ್ಯಾಡ್' ಎಂಬ ದೊಡ್ಡ ವರದಿ ತಯಾರಾಯಿತು. ಚರಂಡಿಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಿ, ಎಂಟು ಪಂಪಿಂಗ್ ಸ್ಟೇಶನ್ ಕಟ್ಟಿ ಎಂದಿತು ಅದು. ಆಗಿನ ಅಂದಾಜು ಖರ್ಚು ಸುಮಾರು 616 ಕೋಟಿ ರೂಪಾಯಿ. ಹಣವಿಲ್ಲವೆಂದು ವರದಿ ಕಪಾಟು ಸೇರಿತು. ಹನ್ನೆರಡು ವರ್ಷಗಳ ನಂತರ ಜುಲೈ 26 ಬಂತು. 2007ರಲ್ಲಿ ಕೇಂದ್ರ ಸರಕಾರ ಅದೇ ಯೋಜನೆಗೆ 1,200 ಕೋಟಿ ಮಂಜೂರು ಮಾಡಿತು. ಎಂಟರಲ್ಲಿ ಆರು ಪಂಪಿಂಗ್ ಸ್ಟೇಶನುಗಳು ತಲೆಯೆತ್ತುವಾಗ 2019 ಆಗಿತ್ತು.

ಇನ್ನು ನಮ್ಮ ಮೀಠಿ ನದಿ. ವಿಹಾರ್ ಮತ್ತು ಪೊವಾಯಿ ಕೆರೆಗಳ ಹೆಚ್ಚುವರಿ ನೀರು ಹೊತ್ತು ಸುಮಾರು 18 ಕಿಲೋಮೀಟರ್ ಹರಿದು ಮಾಹಿಮಿನಲ್ಲಿ ಕಡಲು ಸೇರುವ ನದಿ ಇದು. ನಾವು ಅದನ್ನು 'ನಾಲಾ' ಎಂದೇ ಕರೆಯುತ್ತಿದ್ದೆವು, ನದಿಯೆಂದು ಗೊತ್ತಾದದ್ದು ಪ್ರವಾಹದ ಮರುದಿನ ಪೇಪರು ಓದಿ! ವಿಮಾನ ನಿಲ್ದಾಣಕ್ಕಾಗಿ ಅದನ್ನು ತಿರುಗಿಸಿ, ರನ್‌ವೇಯ ಅಡಿಯಿಂದ ಹಾಯಿಸಿದ್ದಾರೆ. ಕೆಳಗಡೆ ಬಾಂದ್ರಾ-ಕುರ್ಲಾ ಸಂಕೀರ್ಣ ನಿಂತಿರುವುದು ಅದರ ಜವುಗು ನೆಲದ ಮೇಲೆ. ನಮ್ಮ ಕರಾವಳಿಯವರಿಗೆ ಕಾಂಡ್ಲಾ ಗಿಡದ ಬೇರು ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಆ ಕಾಂಡ್ಲಾ ಕಾಡು ಕಡಿದು ಮಣ್ಣು ತುಂಬಿದ್ದು ಇಲ್ಲಿಯೇ. ನಂತರ ದೋಷವೆಲ್ಲ ದಡದ ಗುಡಿಸಲಿನವರ ಮೇಲೆ ಬಂತು. ಅವರ ತಪ್ಪೇ ಇಲ್ಲವೆನ್ನುತ್ತಿಲ್ಲ. ಆದರೆ ರನ್‌ವೇ ಕಟ್ಟಿದ್ದು ಗುಡಿಸಲಿನವರಲ್ಲ.

ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. 1993ರ ಯೋಜನೆ ಪೂರ್ತಿಯಾಗಿದ್ದರೂ ಅಂದು ನೀರು ನಿಲ್ಲುತ್ತಿತ್ತು. 50ರ ಚರಂಡಿ 190ನ್ನು ಹೊರಲಾರದು. ಪ್ರಶ್ನೆ ಇರುವುದು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತಿನಲ್ಲಿ ಎಂಬಲ್ಲಿ. ನೀರು ಒಂದೂವರೆ ಅಡಿಗೆ ನಿಂತಿದ್ದರೆ ಅಜ್ಜಿಯ ಮಂಚ ಮುಳುಗುತ್ತಿರಲಿಲ್ಲ. ಅರ್ಧ ಗಂಟೆ ತಡವಾಗಿ ಏರಿದ್ದರೆ ಬಾಗಿಲು ತೆರೆಯಲು ಆಗುತ್ತಿತ್ತು. ನಾನು ಫೋನಿನಲ್ಲಿ ನಗುವ ಬದಲು "ಮೊದಲು ಅಜ್ಜಿಯನ್ನು ಎತ್ತಿಸು" ಎಂದಿದ್ದರೂ ಆಗುತ್ತಿತ್ತು. ನನ್ನ ಪಾಲಿನ ತಪ್ಪು ನನಗೆ ಗೊತ್ತಿದೆ. ಉಳಿದ ಪಾಲು ಯಾರದು, ಎಷ್ಟು ಎಂಬುದನ್ನು ಹೇಳಬೇಕಾದವರು ಹೇಳಲಿಲ್ಲ.

ವಿಚಾರಣೆ ಆಗಲೇ ಇಲ್ಲವೇ ಎಂದು ನೀವು ಕೇಳಬಹುದು. ಆಯಿತು. ರಾಜ್ಯ ಸರಕಾರ ಡಾ. ಮಾಧವರಾವ್ ಚಿತಳೆಯವರ ನೇತೃತ್ವದಲ್ಲಿ ಸತ್ಯಶೋಧನಾ ಸಮಿತಿ ನೇಮಿಸಿತು. ಚಿತಳೆಯವರು ಜಲತಜ್ಞರಲ್ಲಿ ದೊಡ್ಡ ಹೆಸರು, 1993ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಪಡೆದವರು. 2006ರ ಮಾರ್ಚಿನಲ್ಲಿ ಬಂದ ಅವರ ವರದಿ ಘನವಾದದ್ದು, ಮುಂದೇನು ಮಾಡಬೇಕೆಂದು ವಿವರವಾಗಿ ಹೇಳಿದೆ. ಆದರೆ ಅದು ಸಾಕ್ಷಿಗಳನ್ನು ಪ್ರಮಾಣ ಮಾಡಿಸಿ ನಿಲ್ಲಿಸಿ, 'ಈ ಕಡತ ನಿಮ್ಮ ಮೇಜಿನಲ್ಲಿ ಎಷ್ಟು ವರ್ಷ ಇತ್ತು?' ಎಂದು ಕೇಳುವ ಆಯೋಗವಾಗಿರಲಿಲ್ಲ. ಅಂಥ ಅಧಿಕಾರವುಳ್ಳ ಆಯೋಗಕ್ಕೆ ನಮ್ಮಲ್ಲಿ 1952ರ ವಿಚಾರಣಾ ಆಯೋಗ ಕಾಯ್ದೆ ಇದೆ. ಅದರಡಿ ನೇಮಕವಾದ ಆಯೋಗ ಸಿವಿಲ್ ಕೋರ್ಟಿನಂತೆ ಸಮನ್ಸ್ ಕೊಡಬಹುದು, ಕಡತ ತರಿಸಬಹುದು. ವರದಿ ಬಂದ ಆರು ತಿಂಗಳೊಳಗೆ ಸರಕಾರ ತಾನು ಕೈಗೊಂಡ ಕ್ರಮದ ಟಿಪ್ಪಣಿ ಸಮೇತ ಅದನ್ನು ಶಾಸನಸಭೆಯ ಮುಂದಿಡಬೇಕು. ಹಾಗೆಂದು ಆ ಕಾಯ್ದೆಯೇ ರಾಮಬಾಣವೆಂದುಕೊಳ್ಳಬೇಡಿ. 1979ರ ಆಗಸ್ಟಿನಲ್ಲಿ ಗುಜರಾತಿನ ಮಚ್ಛೂ ಅಣೆಕಟ್ಟು ಒಡೆದು ಮೋರ್ವಿ ಪಟ್ಟಣ ಕೊಚ್ಚಿಹೋದಾಗ ನೇಮಿಸಿದ ವಿಚಾರಣಾ ಆಯೋಗವನ್ನು, ಅದು ವರದಿ ಕೊಡುವ ಮೊದಲೇ ಸರಕಾರ ಮುಚ್ಚಿಬಿಟ್ಟಿತು. ಹುಟ್ಟಿಸಿದವರೇ ಕತ್ತು ಹಿಸುಕಬಲ್ಲರು.

ಆದ್ದರಿಂದ ನಾನು ಕೇಳುವುದು 'ಸ್ವತಂತ್ರ' ತನಿಖೆಯನ್ನು. ಚರಂಡಿ ಕಟ್ಟಿದವರು, ಹೂಳೆತ್ತುವ ಗುತ್ತಿಗೆ ಕೊಟ್ಟವರು, ಆ ಹಣ ಮಂಜೂರು ಮಾಡಿದವರು ಯಾರೂ ಅದರೊಳಗೆ ಕೂರಬಾರದು. ಚೆನ್ನೈಯಲ್ಲಿರುವ ನಮ್ಮ ಬಂಧುಗಳಿಗೆ ಇದರ ಬೆಲೆ ಗೊತ್ತಿದೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಊರೊಳಗೆ ನುಗ್ಗಿದಾಗ 'ನೂರು ವರ್ಷಕ್ಕೊಮ್ಮೆ ಬರುವ ಮಳೆ' ಎಂಬ ಮಾತೇ ಎಲ್ಲೆಡೆ ಕೇಳುತ್ತಿತ್ತು. ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟ ರೀತಿಯನ್ನು ಪರಿಶೀಲಿಸಿ, ಇದು ಮಾನವನಿರ್ಮಿತ ದುರಂತವೆಂದು ಬರೆದದ್ದು ಮಹಾಲೇಖಪಾಲರ ವರದಿ. 2018ರಲ್ಲಿ ಅದು ಶಾಸನಸಭೆಯ ಮುಂದೆ ಬಂತು. ನೀರು ಬಿಟ್ಟ ಇಲಾಖೆಯೇ ತನ್ನನ್ನು ತಾನು ಪರಿಶೀಲಿಸಿದ್ದರೆ ಆ ಪದ ಬರುತ್ತಿತ್ತೇ?

ದೂರದ ಇನ್ನೊಂದು ಊರಿನ ಕಥೆ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ವಯಸ್ಸಿನವನೊಬ್ಬ ಬರುತ್ತಾನೆ. ನಮ್ಮ ಜುಲೈ 26ಕ್ಕೆ ಸರಿಯಾಗಿ 34 ದಿನಗಳ ನಂತರ, 2005ರ ಆಗಸ್ಟ್ 29ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿತು. ಕತ್ರೀನಾ ಚಂಡಮಾರುತಕ್ಕೆ ನಗರದ ಸುಮಾರು ಶೇ. 80 ಭಾಗ ನೀರಿನಡಿ ಹೋಯಿತು. ತಡೆಗೋಡೆಗಳನ್ನು ಕಟ್ಟಿದ್ದು ಅಲ್ಲಿನ ಸೈನ್ಯದ ಇಂಜಿನಿಯರ್ ದಳ. ಬಿರುಗಾಳಿ ವಿಪರೀತವಾಗಿ ನೀರು ಗೋಡೆಯನ್ನು ದಾಟಿ ಬಂತು ಎಂಬುದು ಮೊದಲಿಗೆ ಬಂದ ವಿವರಣೆ. ಬರ್ಕ್ಲಿಯ ಪ್ರಾಧ್ಯಾಪಕರ ತಂಡವೊಂದು, ಲೂಸಿಯಾನಾದ ಐವರ್ ವ್ಯಾನ್ ಹೀರ್ಡನ್ ಅವರ ತಂಡವೊಂದು ಸ್ವತಂತ್ರವಾಗಿ ಹೋಗಿ, ಕೆಸರಿನ ಗುರುತುಗಳನ್ನು ಅಳೆದು, ಮಣ್ಣು ತೆಗೆದು ನೋಡಿದವು. 17ನೇ ಬೀದಿಯ ಕಾಲುವೆಯಲ್ಲಿ ನೀರು ಗೋಡೆಯ ತುದಿಯನ್ನು ಮುಟ್ಟಿಯೇ ಇರಲಿಲ್ಲ. ಅಡಿಯ ಮೆತ್ತನೆಯ ಮಣ್ಣಿನಲ್ಲಿ ಗೋಡೆಯೇ ಜಾರಿಹೋಗಿತ್ತು. ವಿನ್ಯಾಸದಲ್ಲಿ ತಪ್ಪಿತ್ತೆಂದು 2006ರ ಜೂನಿನಲ್ಲಿ ಆ ದಳದ ಮುಖ್ಯಸ್ಥರೇ ಒಪ್ಪಿಕೊಂಡರು.

ಆ ನಗರದಲ್ಲಿ ಸ್ಯಾಂಡಿ ರೋಸೆಂಥಾಲ್ ಎಂಬ ಗೃಹಿಣಿ, ಹೈಸ್ಕೂಲು ಓದುತ್ತಿದ್ದ ತನ್ನ ಮಗನನ್ನು ಜತೆಗಿಟ್ಟುಕೊಂಡು ಒಂದು ನಾಗರಿಕ ಸಂಘಟನೆ ಕಟ್ಟಿದಳು. ಸ್ವತಂತ್ರ ತನಿಖಾ ಆಯೋಗ ಬೇಕೆಂದು ವರ್ಷಗಟ್ಟಲೆ ಹಟ ಹಿಡಿದಳು. ಆಕೆ ಇಂಜಿನಿಯರಳಲ್ಲ. ಕೇಳಿದ ಆಯೋಗವನ್ನು ಅವರ ಸಂಸತ್ತು ಕೊಡಲಿಲ್ಲ, ಅದನ್ನೂ ಹೇಳಬೇಕು. 1928ರ ಒಂದು ಕಾಯ್ದೆಯ ರಕ್ಷಣೆ ಇದ್ದುದರಿಂದ ಕಾಲುವೆಗೋಡೆಗಳ ದಾವೆಯಲ್ಲಿ ಇಂಜಿನಿಯರ್ ದಳಕ್ಕೆ ದಂಡವೂ ಬೀಳಲಿಲ್ಲ. ವ್ಯಾನ್ ಹೀರ್ಡನ್ ಅವರನ್ನು ವಿಶ್ವವಿದ್ಯಾನಿಲಯ ಮುಂದುವರಿಸಲಿಲ್ಲ. ಆದರೂ ಅಲ್ಲಿ ಇಂದು ಯಾರೂ ಆ ಪ್ರವಾಹವನ್ನು ಬರೇ ನೈಸರ್ಗಿಕ ಎಂದು ಬರೆದರೆ, ಎದ್ದು ನಿಂತು ತಿದ್ದುವವರಿದ್ದಾರೆ.

ಇಂಥ ಹಟ ನಮ್ಮವರಿಗೆ ಹೊಸತೇನಲ್ಲ. ಸುರತ್ಕಲ್ ಬಳಿಯ ಹೊಸಬೆಟ್ಟಿನಿಂದ ಬಂದು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದ ಹೊಸಬೆಟ್ಟು ಸುರೇಶ್ ಅವರ ಹೆಸರನ್ನು ನಿಮ್ಮ ತಂದೆ ತಾಯಂದಿರು ಬಲ್ಲರು. ನಿವೃತ್ತರಾದ ಮೇಲೆ ನ್ಯಾಯಮೂರ್ತಿ ದಾವೂದ್ ಅವರೊಂದಿಗೆ ಸೇರಿ, 1992-93ರ ಗಲಭೆಯ ಬಗ್ಗೆ ಜನರ ಸಾಕ್ಷ್ಯ ಕೇಳಿ, 1993ರಲ್ಲೇ ವರದಿ ಹೊರತಂದರು. ಸರಕಾರ ನೇಮಿಸಿದ ಶ್ರೀಕೃಷ್ಣ ಆಯೋಗದ ವರದಿ ಬರುವಾಗ 1998. ಸುರೇಶ್ ಅವರ ಕೈಯಲ್ಲಿ ಸಮನ್ಸಿನ ಅಧಿಕಾರವಿರಲಿಲ್ಲ. ಕುರ್ಚಿ ಹಾಕಿ ಕುಳಿತು ಕೇಳಿದರು, ಬರೆದುಕೊಂಡರು, ಅಷ್ಟೇ. 2020ರಲ್ಲಿ ಅವರು ತೀರಿಕೊಂಡರು. ಪ್ರವಾಹದ ವಿಷಯದಲ್ಲೂ 2005ರ ನಂತರ ನಾಗರಿಕರೇ ಸೇರಿ ಒಂದು ಆಯೋಗ ಮಾಡಿಕೊಂಡು ವರದಿ ಪ್ರಕಟಿಸಿದ್ದಾರೆ. ಹಾಗಾಗಿ ಸೊನ್ನೆಯಿಂದ ಆರಂಭಿಸಬೇಕಾಗಿಲ್ಲ.

ಇಪ್ಪತ್ತು ವರ್ಷ ಕಳೆದ ಮೇಲೆ ಯಾಕೆ ಈ ಹಳೆಯ ಹುಣ್ಣು ಕೆರೆಯುವುದು ಎಂದು ನನ್ನ ಮಗನೇ ಕೇಳುತ್ತಾನೆ. "ಪಪ್ಪಾ, ಜಾನೇ ದೋ" ಎನ್ನುತ್ತಾನೆ. ಅವನಿಗೆ ನಾನು ಎರಡು ಸಂಗತಿ ಹೇಳಿದೆ. 2025ರ ಮೇ 26ರಂದು ಮಳೆಗಾಲ ಎಂದಿಗಿಂತ ಮೊದಲೇ ಬಂದಾಗ, ಅದೇ ತಿಂಗಳು ಉದ್ಘಾಟನೆಯಾದ ಭೂಗತ ಮೆಟ್ರೋ ನಿಲ್ದಾಣದೊಳಗೆ ನೀರು ಧುಮುಕಿತು. ಅದೇ ಮೇ ತಿಂಗಳಲ್ಲಿ ಮೀಠಿ ನದಿಯ ಹೂಳೆತ್ತುವ ಕೆಲಸದಲ್ಲಿ ಸುಮಾರು 65 ಕೋಟಿ ರೂಪಾಯಿಯ ವಂಚನೆಯಾಗಿದೆಯೆಂದು ಪೋಲೀಸರ ಆರ್ಥಿಕ ಅಪರಾಧ ವಿಭಾಗ 13 ಮಂದಿಯ ಮೇಲೆ ಮೊಕದ್ದಮೆ ದಾಖಲಿಸಿತು. ಆರೋಪ ಇನ್ನೂ ಆರೋಪವೇ, ತೀರ್ಮಾನ ಕೋರ್ಟಿನದು. ಆದರೆ ಎತ್ತಿದ್ದೇವೆಂದು ಬಿಲ್ಲು ಬರೆದ ಹೂಳು ನಿಜವಾಗಿ ಎತ್ತಿದ್ದಾರೋ ಇಲ್ಲವೋ ಎಂದು ಪೋಲೀಸರು ನೋಡಬೇಕಾಗಿ ಬಂದಿರುವುದು ನಮ್ಮ ಚಾಳಿನ ಹಿಂದೆ ಹರಿಯುವ ಅದೇ ನದಿಯಲ್ಲಿ. ಮಗ ಸುಮ್ಮನಾದ.

ಈಗ ನಿಮ್ಮಿಂದ ನನಗೆ ಆಗಬೇಕಾದ ಕೆಲಸ. ನಿಮ್ಮ ಕನ್ನಡದಲ್ಲಿ ಮರಾಠಿ ಒಗ್ಗರಣೆ ಜಾಸ್ತಿಯೆಂದು ನಾವು ಹಿರಿಯರು ಗೊಣಗುತ್ತೇವೆ. ಈ ಕೆಲಸಕ್ಕೆ ಆ ಒಗ್ಗರಣೆಯೇ ಬೇಕು. ಮರಾಠಿಯಲ್ಲಿ ಅರ್ಜಿ ಬರೆಯಲು ಹೆದರದ, ನಕ್ಷೆ ಓದಬಲ್ಲ, ಕಂಪ್ಯೂಟರ್ ಬಲ್ಲ ಮಕ್ಕಳು ನೀವು. ನಮ್ಮ ತಲೆಮಾರು ಫಾರ್ಮಿನ ಮುಂದೆ ತಲೆ ತಗ್ಗಿಸಿತು. 2005ರ ಅಕ್ಟೋಬರಿನಿಂದ ಮಾಹಿತಿ ಹಕ್ಕು ಕಾಯ್ದೆ ಜಾರಿಯಲ್ಲಿದೆ, ಹತ್ತು ರೂಪಾಯಿಯ ಅರ್ಜಿ. ನಿಮ್ಮ ವಾರ್ಡಿನ ನಾಲಾದಿಂದ ಕಳೆದ ವರ್ಷ ಎಷ್ಟು ಟನ್ ಹೂಳು ತೆಗೆದರು, ಯಾವ ಲಾರಿಯಲ್ಲಿ ಹೋಯಿತು, ಎಲ್ಲಿ ಸುರಿದರು, ತೆಗೆಯುವ ಮೊದಲು ಮತ್ತು ನಂತರ ಆಳವನ್ನು ಅಳೆದವರು ಯಾರು ಎಂದು ಕೇಳಿ. ಪುಣೆ, ಹೈದರಾಬಾದುಗಳಲ್ಲಿರುವವರಿಗೂ ಇದೇ ಪ್ರಶ್ನೆ ಸಲ್ಲುತ್ತದೆ, ನಾಲಾದ ಹೆಸರು ಮಾತ್ರ ಬೇರೆ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಬಂದ ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ, ಸ್ವತಂತ್ರ ಆಯೋಗ ಬೇಕೆಂಬ ಮನವಿಗೆ ಅದಕ್ಕಿಂತ ಒಳ್ಳೆಯ ಅಡಿಪಾಯವಿಲ್ಲ.

ಇನ್ನೊಂದು ಕೆಲಸ ಮನೆಯೊಳಗಿನದು. ಆ ದಿನ ಕಂಡವರು ಮುದುಕರಾಗುತ್ತಿದ್ದೇವೆ. ನಿಮ್ಮ ಮನೆಯ ಅಜ್ಜ ಅಜ್ಜಿಯರ, ಚಿಕ್ಕಪ್ಪ ದೊಡ್ಡಪ್ಪಂದಿರ ಪಕ್ಕದಲ್ಲಿ ಕುಳಿತು, ನೀರು ಎಷ್ಟು ಗಂಟೆಗೆ ಹೊಸ್ತಿಲು ದಾಟಿತು, ಎಷ್ಟು ಹೊತ್ತಿನಲ್ಲಿ ಎಲ್ಲಿಯವರೆಗೆ ಏರಿತು, ಯಾವ ಕಡೆಯಿಂದ ಬಂತು, ಎಂದು ಇಳಿಯಿತು ಎಂದು ಕೇಳಿ ಬರೆದುಕೊಳ್ಳಿ. ಅವರ ಕಥೆ ದಾರಿ ತಪ್ಪಿ ಊರಿನ ನೆರೆಗೆ ಹೋದರೆ ಅದನ್ನೂ ಕೇಳಿ, ಆಮೇಲೆ ಮೆಲ್ಲಗೆ ಜುಲೈ 26ಕ್ಕೆ ಕರೆತನ್ನಿ. ಕನ್ನಡ, ತುಳು, ಕುಂದಾಪುರದ ಮಾತು, ಯಾವುದರಲ್ಲಿ ಹೇಳಿದರೂ ಹಾಗೆಯೇ ಬರೆಯಿರಿ, ಬದಿಯಲ್ಲಿ ಮರಾಠಿಗೆ ಇಳಿಸಿ. ಸಂಘದ ವಾಚನಾಲಯದಲ್ಲಿ ಇದಕ್ಕೆಂದು ಒಂದು ಕಡತ ತೆರೆಯಲು ಕಾರ್ಯದರ್ಶಿಯವರು ಒಪ್ಪಿದ್ದಾರೆ.

ಮೊದಲನೆಯ ಹೇಳಿಕೆ ನನ್ನದು, ಅದನ್ನು ಕೊಟ್ಟಾಗಿದೆ. ನಮ್ಮ ಹಳೆಯ ಕೋಣೆಯ ಹಿಂಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಆ ಕೆಸರಿನ ಗೆರೆ ಮಾಸಿಲ್ಲ. ಕಳೆದ ಭಾನುವಾರ ಟೇಪು ಹಿಡಿದು ಅಳೆದೆ, ನೆಲದಿಂದ ಐದು ಅಡಿ ಎಂಟು ಇಂಚು. ಎರಡನೆಯ ಹೇಳಿಕೆ ನನ್ನ ಹೆಂಡತಿಯದಾಗಬೇಕು. ಅವಳು ಹೂಂ ಎಂದಿದ್ದಾಳೆ. ಆದರೆ ನನ್ನೆದುರು ಹೇಳುವುದಿಲ್ಲವಂತೆ. ನಿಮ್ಮಲ್ಲಿ ಯಾರಾದರೂ ಒಬ್ಬ ಹುಡುಗಿ ನೋಟ್‌ಬುಕ್ಕು ಹಿಡಿದು ಬಂದರೆ ಹೇಳುತ್ತಾಳಂತೆ.